ಮುರಿಯದ ಕೀಲು

ನನ್ನ ಗೆಳೆಯನೊಬ್ಬನ ಮುತ್ತಜ್ಜನನ್ನು ಜನ ಬೆಣೆಯಜ್ಜ ಎನ್ನುತ್ತಿದ್ದರು. ಎತ್ತು ತಿರುಗಿಸುವ ಎಣ್ಣೆಗಾಣಗಳಿಗೆ ಮರದ ಬೆಣೆ ಕೆತ್ತಿಕೊಡುವುದು ಅವನ ಕಸುಬು. ಗಾಣದೊಳಗೆ ಕಲ್ಲು ಸಿಕ್ಕಿಕೊಂಡರೆ ಎತ್ತಿನ ಕತ್ತಿಗೆ ಪೆಟ್ಟು ಬೀಳುವ ಮೊದಲೇ ಬೆಣೆ ಪಟ್ಟೆಂದು ಮುರಿಯಬೇಕು. ಅಂಥ ಹದದ ಮರ ಹುಡುಕಲು ಅವನು ಕಾಡಿನಲ್ಲಿ ಒಂದೊಂದು ಕೊಂಬೆಯನ್ನೂ ಉಗುರಿನಿಂದ ಗೀರಿ, ನಾಲಗೆ ಹಚ್ಚಿ ನೋಡುತ್ತಿದ್ದನಂತೆ. ಅವನ ಬೆಣೆ ಹಾಕಿದ ಗಾಣದಲ್ಲಿ ಒಂದು ಎತ್ತಿಗೂ ಕತ್ತು ಉಳುಕಲಿಲ್ಲ.

ಬೆಣೆಯಜ್ಜನ ಮಗ, ಅಂದರೆ ಇವನ ಅಜ್ಜ, ಹೊಳೆ ದಾಟಿಸುವ ಯಂತ್ರದೋಣಿಯಲ್ಲಿದ್ದ. ನೀರಿನಡಿ ತಿರುಗುವ ರೆಕ್ಕೆಯನ್ನು ಹಿಡಿದಿಡಲು ಒಂದು ಹಿತ್ತಾಳೆ ಮೊಳೆ. ತೇಲಿಬಂದ ದಿಮ್ಮಿ ತಗುಲಿದರೆ ಮೊಳೆ ತುಂಡಾಗಬೇಕು, ರೆಕ್ಕೆ ಉಳಿಯಬೇಕು. ಒಮ್ಮೆ ನಡುಹೊಳೆಯಲ್ಲಿ, ಕೆಂಪು ನೀರು ಮೈದುಂಬಿ ಬರುತ್ತಿದ್ದಾಗ, ಮೊಳೆ ತುಂಡಾಯಿತು. ಅಜ್ಜ ಹೊಸ ಮೊಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದೋಣಿಯ ಹಿಂಬದಿಗೆ ಜೋತುಬಿದ್ದು, ನೀರಿನೊಳಗೆ ಮುಳುಗಿ ಮುಳುಗಿ ಕೂರಿಸಿ, ನಲವತ್ತು ಜನರನ್ನು ದಡ ಮುಟ್ಟಿಸಿದ. ಇಳಿಯುವಾಗ ಒಬ್ಬ ಮುದುಕಿ, “ಗಟ್ಟಿ ಮೊಳೆ ಹಾಕೋಕೇನು ನಿನಗೆ ಧಾಡಿ?” ಎಂದು ಬೈದಳು. ಅಜ್ಜ ಮೈಯಿಂದ ನೀರು ತೊಟ್ಟಿಕ್ಕಿಸುತ್ತಾ, “ಗಟ್ಟಿದು ಹಾಕಿದ್ರೆ ನೀವು ಬೈಯೋಕೂ ಇರ್ತಿರಲಿಲ್ಲ, ತಾಯಿ” ಎಂದನಂತೆ.

ಇವನ ಅಪ್ಪ ನೂಲಿನ ಗಿರಣಿಯಲ್ಲಿ ಫಿಟ್ಟರ್. ಒಂದು ದಿನ ಹೆಂಗಸೊಬ್ಬಳ ಜಡೆ ಯಂತ್ರಕ್ಕೆ ಸುತ್ತಿಕೊಂಡಿತು. ಅವನು ಹಾಕಿದ್ದ ಕೀಲು ಆ ಗಳಿಗೆಗೆ ಸರಿಯಾಗಿ ಮುರಿದು, ಚಕ್ರ ನಿಂತು, ಅವಳು ಜಡೆ ಕಳೆದುಕೊಂಡಳು, ತಲೆ ಉಳಿಸಿಕೊಂಡಳು.

ಹೀಗೆ ಮೂರು ತಲೆಮಾರು, ಹೊತ್ತಿಗೆ ಸರಿಯಾಗಿ ಮುರಿಯುವ ವಸ್ತುವನ್ನು ಮಾಡಿ ಹೆಸರು ಗಳಿಸಿದ ಮನೆತನ. ನಾಲ್ಕನೆಯವನು ಈ ಗೆಳೆಯ. ಇವನು ಬದುಕಿನಲ್ಲಿ ಒಂದೇ ಒಂದು ಸಲ ಮುರಿಯದಿರುವುದನ್ನು ಮಾಡಿದ. ಅದರ ಕತೆಯೇ ಇದು.

ಇವನನ್ನು ಎಲ್ಲರೂ ಕರೆಯುವುದು ಕೂದಲೆಳೆ ಎಂದು. ಯಾವ ಲೋಹದ ತುಂಡನ್ನು ಕೈಗೆ ಕೊಟ್ಟರೂ ಎರಡು ಬೆರಳ ನಡುವೆ ಹೊರಳಿಸಿ, “ಒಂದು ಕೂದಲೆಳೆ ಜಾಸ್ತಿ” ಅನ್ನುತ್ತಾನೆ, ಇಲ್ಲವೇ “ಒಂದು ಕೂದಲೆಳೆ ಕಮ್ಮಿ.” ಮೂವತ್ತರ ಹೊತ್ತಿಗೇ ತಲೆಯ ಮೇಲೆ ಒಂದೆಳೆಯೂ ಉಳಿದಿರಲಿಲ್ಲ. “ಇದ್ದದ್ದನ್ನೆಲ್ಲ ಅಳತೆಗೇ ಖರ್ಚು ಮಾಡಿಬಿಟ್ಟರು” ಎಂದು ಅವನ ಹೆಂಡತಿ ಬಂದವರನ್ನು ನಗಿಸುವುದುಂಟು. ನಾನು ಅವರ ಎದುರುಮನೆಯವನು, ಹೊಲಿಗೆ ಯಂತ್ರ ರಿಪೇರಿಯವನು. ಯಾರ ಕೈಕೆಳಗೂ ಕಲಿತವನಲ್ಲ. ಬಿಚ್ಚಿ, ಕೆಡಿಸಿ, ಮತ್ತೆ ಕೂಡಿಸಿ ಕಲಿತೆ.

ಕೀಲು ಎಂದರೇನೆಂದು ತಿಳಿಯದವರಿಗೆ ಎರಡು ಮಾತು. ತಿರುಗುವ ದಂಡಕ್ಕೆ ಹಲ್ಲುಚಕ್ರವನ್ನು ಸುಮ್ಮನೆ ತೂರಿಸಿದರೆ ದಂಡವೊಂದೇ ತಿರುಗುತ್ತದೆ, ಚಕ್ರ ನಿಂತಲ್ಲೇ ಇರುತ್ತದೆ. ಅದಕ್ಕೆ ದಂಡದ ಮೈಯಲ್ಲೊಂದು, ಚಕ್ರದ ತೂತಿನಲ್ಲೊಂದು ಸಣ್ಣ ಕಾಲುವೆ ಕೊರೆದು, ಎರಡಕ್ಕೂ ಸೇರುವಂತೆ ನಡುವೆ ಒಂದು ಚೌಕನೆಯ ಲೋಹದ ತುಂಡು ಇಡುತ್ತಾರೆ. ಅದೇ ಕೀಲು. ಬೆಂಕಿಕಡ್ಡಿಯ ಅರ್ಧದಷ್ಟು ಉದ್ದದ್ದೂ ಇರುತ್ತದೆ, ಅಂಗೈ ತುಂಬುವಂಥದ್ದೂ ಇರುತ್ತದೆ. ಅದನ್ನು ಮೆದು ಲೋಹದಲ್ಲೇ ಮಾಡಬೇಕು. ಯಂತ್ರದೊಳಗೆ ಏನಾದರೂ ಸಿಕ್ಕಿಕೊಂಡರೆ ಎಲ್ಲಕ್ಕಿಂತ ಮೊದಲು ಅದು ಸಾಯಬೇಕು.

ಕೂದಲೆಳೆ ಕೆಲಸಕ್ಕಿದ್ದದ್ದು ಇಟ್ಟಿಗೆ ಕಾರ್ಖಾನೆಯಲ್ಲಿ, ಯಂತ್ರಗಳ ಫಿಟ್ಟರ್ ಆಗಿ. ಅಲ್ಲಿ ಮಣ್ಣು ಕಲಸುವ ದೊಡ್ಡದೊಂದು ತೊಟ್ಟಿ, ಒಳಗೆ ತಿರುಗುವ ಕಬ್ಬಿಣದ ರೆಕ್ಕೆಗಳು. ಯಂತ್ರ ಶುರುವಾಗುವ ಮುಂಚೆ ಒಬ್ಬ ಆಳು ಉದ್ದನೆಯ ಸಲಾಕೆ ಹಿಡಿದು ತೊಟ್ಟಿಗೆ ಇಳಿದು, ಮಣ್ಣನ್ನು ಚುಚ್ಚಿ ಚುಚ್ಚಿ ಕಲ್ಲು, ಕಬ್ಬಿಣ ಇದ್ದರೆ ಆರಿಸಿ ತೆಗೆಯಬೇಕು. ಸ್ವಿಚ್ಚಿನವನು ಗೋಡೆಯ ಆಚೆ. ಅವನಿಗೆ ತೊಟ್ಟಿ ಕಾಣದು, ಗದ್ದಲದಲ್ಲಿ ಕೂಗು ಕೇಳದು. ಆದ್ದರಿಂದ ಆಳು ಮೇಲೆ ಬಂದು ಸಲಾಕೆಯಿಂದ ತೊಟ್ಟಿಯ ಅಂಚಿಗೆ ಮೂರು ಸಲ ತಟ್ಟಬೇಕು. ನಾನು ಹೊರಗಿದ್ದೇನೆ, ಶುರು ಮಾಡು ಎಂದರ್ಥ. ಆ ಆಳು ಕೂದಲೆಳೆಯ ಹೆಂಡತಿಯ ತಮ್ಮ. ಅವನ ತಟ್ಟು ಅವನದೇ. ಟಕ್ ಟಕ್ ಎಂದು ಎರಡು ಜೊತೆಯಾಗಿ, ಒಂದು ಉಸಿರು ಬಿಟ್ಟು ಇನ್ನೊಂದು. ಕಾರ್ಖಾನೆಗೆಲ್ಲ ಅದು ಗೊತ್ತು. ಅಕ್ಕನ ಮನೆಗೆ ಬಂದರೂ ಬಾಗಿಲನ್ನು ಹಾಗೇ ತಟ್ಟುತ್ತಿದ್ದ.

ಹತ್ತೊಂಬತ್ತು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅವನು ಮೂರು ತಟ್ಟಿದ. ಯಂತ್ರ ಶುರುವಾಯಿತು. ಮಣ್ಣಿನಲ್ಲಿ ಹಳೆಯ ಕಬ್ಬಿಣದ ಕಂಬಿಯೊಂದು ಉಳಿದುಬಿಟ್ಟಿತ್ತು. ರೆಕ್ಕೆ ಸಿಕ್ಕಿಕೊಂಡಿತು, ದೊಡ್ಡ ಹಲ್ಲುಚಕ್ರ ಸಿಡಿದು ಹೋಳಾಯಿತು, ಒಂದು ಹೋಳು ಅಂಚಿನಲ್ಲಿ ನಿಂತಿದ್ದ ಅವನ ಎದೆಗೆ ಬಡಿಯಿತು. ಕೈಯಲ್ಲಿ ಸಲಾಕೆ ಹಿಡಿದುಕೊಂಡೇ ಹೋದ. ವಿಚಾರಣೆಗೆ ಬಂದವರು ಚಕ್ರದ ಎರಕ ಹಳೆಯದು ಎಂದು ಬರೆದುಕೊಂಡು ಹೋದರು. ಜನರ ಬಾಯಿ ಬೇರೆಯೇ ಬರೆಯಿತು. ಕಬ್ಬಿಣ ಆರಿಸಿ ತೆಗೆಯಬೇಕಾದವನು ಅವನೇ, ತೂಕಡಿಸುತ್ತಾ ತಟ್ಟಿದ, ತನ್ನ ಸಾವನ್ನು ತಾನೇ ಕರೆದುಕೊಂಡ ಎಂದು. ಆ ಮಾತು ಅವನ ಹೆಸರಿಗೆ ಅಂಟಿಕೊಂಡೇ ಉಳಿಯಿತು. ಅವನ ತಾಯಿ ಅದೇ ಕೊರಗಿನಲ್ಲಿ ಕಣ್ಣು ಮುಚ್ಚಿದಳು.

ಕೂದಲೆಳೆಗೆ ಗೊತ್ತಿದ್ದದ್ದು ಇನ್ನೊಂದು. ನನಗೆ ಅದು ತಿಳಿದದ್ದು ಬಹಳ ತಡವಾಗಿ. ಆದರೆ ಓದುವವರನ್ನು ಕಾಯಿಸುವುದು ನನ್ನ ಜಾಯಮಾನವಲ್ಲ, ಈಗಲೇ ಹೇಳಿಬಿಡುತ್ತೇನೆ. ಆ ತೊಟ್ಟಿಯ ಕೀಲು ವಾರಕ್ಕೆರಡು ಸಲ ಮುರಿಯುತ್ತಿತ್ತು. ಮುರಿದಾಗಲೆಲ್ಲ ಅರ್ಧ ದಿನ ಕೆಲಸ ನಿಲ್ಲುತ್ತಿತ್ತು. “ಏನಯ್ಯ, ಕೀಲು ಕಬ್ಬಿಣದಲ್ಲಿ ಮಾಡ್ತೀಯೋ ಬೆಣ್ಣೇಲಿ ಮಾಡ್ತೀಯೋ?” ಎಂದು ಮೇಸ್ತ್ರಿ ನಾಲ್ಕು ಜನರ ಮುಂದೆ ಹಂಗಿಸಿದ. ನಾಲ್ಕು ಜನ ನಕ್ಕರು. ಇವನಿಗೆ ರೋಷ ನೆತ್ತಿಗೇರಿತು. ತೂತು ಕೊರೆಯುವ ಮುರಿದ ಡ್ರಿಲ್ಲಿನ ಗಟ್ಟಿ ಉಕ್ಕಿನಿಂದ ಒಂದು ಕೀಲು ಮಾಡಿ, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ ಇನ್ನಷ್ಟು ಗಟ್ಟಿ ಮಾಡಿ ಕೂರಿಸಿದ. ಹತ್ತು ತಿಂಗಳು ಅದು ಮುರಿಯಲಿಲ್ಲ. ಎಲ್ಲರೂ ಬೆನ್ನು ತಟ್ಟಿದರು. ಹನ್ನೊಂದನೆಯ ತಿಂಗಳಲ್ಲೂ ಕೀಲು ಮುರಿಯಲಿಲ್ಲ, ಚಕ್ರ ಸಿಡಿಯಿತು. ವಿಚಾರಣೆಯವರು ಬರುವ ಮೊದಲೇ ಇವನು ಗಟ್ಟಿ ಕೀಲನ್ನು ಹೊಡೆದು ತೆಗೆದು ಜೇಬಿಗಿಟ್ಟುಕೊಂಡ. ಹಳೆಯ ಡಬ್ಬಿಯಿಂದ ಒಂದು ಮುರಿದ ಮೆದು ಕೀಲನ್ನು ಆ ಜಾಗದಲ್ಲಿಟ್ಟ. ಅಂದಿನಿಂದ ಆ ಸತ್ಯವನ್ನು ನುಂಗಿಕೊಂಡು ಕೂತಿದ್ದ. ಹೇಳಿದರೆ ಹೆಂಡತಿ ಕೈಬಿಡುತ್ತಾಳೆ. ಹೇಳದಿದ್ದರೆ ಸತ್ತವನ ಹೆಸರು ಕೆಸರಿನಲ್ಲೇ ಉಳಿಯುತ್ತದೆ.

ನಿವೃತ್ತನಾದ ಮೇಲೆ ಅವನು ಮನೆಯ ಹಿಂದಿನ ಕೋಣೆಯಲ್ಲಿ ಒಂದು ಸಣ್ಣ ಮಿಲ್ಲಿಂಗ್ ಯಂತ್ರ ತಂದು ನಿಲ್ಲಿಸಿದ. ಲೋಹವನ್ನು ಕೆತ್ತುವ ಯಂತ್ರ, ಹೊಟ್ಟೆಪಾಡಿಗಲ್ಲ, ಹವ್ಯಾಸಕ್ಕೆ. ಹತ್ತು ವರ್ಷದ ಹುಡುಗನಷ್ಟು ಎತ್ತರ, ಹಸಿರು ಬಣ್ಣ. ನೆರೆಯವರ ಪಂಪಿಗೆ ಬಿಲ್ಲೆ, ನನ್ನ ಹೊಲಿಗೆ ಯಂತ್ರಗಳಿಗೆ ಬಿಡಿಭಾಗ, ಅಂಗೈಯಲ್ಲಿ ಹಿಡಿಯುವಂಥ ಆಟದ ಇಂಜಿನ್ನು ಮಾಡುತ್ತಾ ಕಾಲ ಹಾಕುತ್ತಿದ್ದ. “ಈ ವಯಸ್ಸಿಗೆ ಸವತಿ ಬಂದಳು ನೋಡಿ ಅಣ್ಣಾ, ಅದೂ ಹಸಿರು ಸೀರೆ ಉಟ್ಕೊಂಡು” ಎಂದು ಅವನ ಹೆಂಡತಿ ನನ್ನ ಬಳಿ ನಗುತ್ತಿದ್ದಳು. ಅಡುಗೆಮನೆಯಿಂದ ಆ ಕೋಣೆಗೆ ಹೋಗುವ ಬಾಗಿಲಿಗೆ ಚಿಲಕವಿಲ್ಲ. ಎರಡು ಕೊಕ್ಕೆ, ಅವುಗಳ ಮೇಲೆ ಅಡ್ಡಲಾಗಿ ಒಂದು ಸಲಾಕೆ. ತಮ್ಮನ ಸಲಾಕೆ. ಅದನ್ನು ಕಾರ್ಖಾನೆಯಿಂದ ಕೇಳಿ ತಂದವಳು ಅವಳೇ. ಬೆಳಗ್ಗೆ ಹತ್ತಕ್ಕೆ ಯಂತ್ರದ ಬಳಿ ಹೋಗಬೇಕೆಂದರೆ ಕೂದಲೆಳೆ ದಿನವೂ ಅದನ್ನು ಎರಡು ಕೈಯಲ್ಲಿ ಎತ್ತಿ ಗೋಡೆಗೆ ಒರಗಿಸಬೇಕಿತ್ತು. ನಾನು ಎಷ್ಟೋ ಸಲ ನೋಡಿದ್ದೇನೆ, ಎತ್ತುವಾಗ ಅವನು ಅದರ ಕಡೆಗೆ ಕಣ್ಣು ಹಾಯಿಸುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಯಂತ್ರದಲ್ಲಿ ಸದ್ದು ಶುರುವಾಯಿತು. ಸ್ವಿಚ್ಚು ಒತ್ತಿದ ಕೂಡಲೇ, ತಿರುಗುವ ಮೊದಲು, ಅದರ ತಲೆಯೊಳಗೆ ಟಕ್ ಟಕ್. ಒಂದು ಉಸಿರಿನಷ್ಟು ಬಿಡುವು. ಟಕ್. ಆಮೇಲೆ ಓಟ.

ನನಗೆ ಅದರ ಕಾರಣ ಆಗಲೇ ಹೊಳೆಯಿತು. ಒಳಗೆ ಮೂರು ದಂಡ, ಮೂರು ಕೀಲು. ಮೂರೂ ಸವೆದು ಕಾಲುವೆಯಲ್ಲಿ ಅಲ್ಲಾಡುತ್ತಿವೆ. ಮೋಟಾರು ಎಳೆದಾಗ ಮೊದಲೆರಡು ಒಂದರ ಹಿಂದೊಂದು ಕಾಲುವೆಯ ಗೋಡೆಗೆ ಬಡಿಯುತ್ತವೆ, ಮೂರನೆಯದಕ್ಕೆ ಜಾಗ ಹೆಚ್ಚಿರುವುದರಿಂದ ಸ್ವಲ್ಪ ತಡ. “ಕೀಲು ಸವೆದಿದೆ ಕಣಯ್ಯ, ಬದಲಾಯಿಸು” ಎಂದೆ. “ನೋಡೋಣ” ಎಂದ. ಮುಂದಿನ ತಿಂಗಳು ಹೇಳಿದೆ, “ನೋಡೋಣ.” “ಏನು ನೋಡ್ತೀಯ? ಕೂದಲೆಳೆ ಅಂತ ಹೆಸರಿಟ್ಕೊಂಡು ಹಗ್ಗದಷ್ಟು ದಪ್ಪದ ಸಡಿಲ ಇಟ್ಕೊಂಡಿದ್ದೀಯಲ್ಲ!” ಎಂದು ಕೆಣಕಿದೆ. ಆಗಲೂ ನಗಲಿಲ್ಲ.

ಒಂದು ಸಂಗತಿ ಮಾತ್ರ ನನ್ನ ಕಣ್ಣಿಗೆ ಬಿತ್ತು. ಸ್ವಿಚ್ಚು ಒತ್ತಿ ಮೂರು ತಟ್ಟು ಮುಗಿದ ಮೇಲೆ ಅವನು ಯಂತ್ರದಿಂದ ಎರಡು ಹೆಜ್ಜೆ ಹಿಂದೆ ಸರಿದು, ಎದೆಗೆ ಅಡ್ಡ ಕೈ ಹಿಡಿದು, ಉಸಿರು ಕಟ್ಟಿ ನಿಲ್ಲುತ್ತಿದ್ದ. ಏನೂ ಸಿಡಿಯುತ್ತಿರಲಿಲ್ಲ. ಯಂತ್ರ ಸುಮ್ಮನೆ ಓಡುತ್ತಿತ್ತು. ಆಗ ಮೆಲ್ಲಗೆ ಕೈ ಇಳಿಸಿ ಹತ್ತಿರ ಬರುತ್ತಿದ್ದ. ಕೆಲವು ದಿನ ಕೆತ್ತುವುದಕ್ಕೆ ಏನೂ ಇಲ್ಲದಿದ್ದರೂ ಹತ್ತು ಗಂಟೆಗೆ ಹೋಗಿ, ಒಮ್ಮೆ ಶುರು ಮಾಡಿ, ಆ ಮೂರು ಸದ್ದು ಕೇಳಿ, ಆರಿಸಿ ಬರುತ್ತಿದ್ದ.

“ಎಣ್ಣೆ ಬಿಸಿಯಾದಾಗ ನಿನಗೆ ಹಸಿ ಮಣ್ಣಿನ ವಾಸನೆ ಬರತ್ತಾ?” ಎಂದು ಒಮ್ಮೆ ಕೇಳಿದ.

“ಎಣ್ಣೆ ವಾಸನೆ ಬರತ್ತೆ.”

“ನನಗೆ ಮಣ್ಣಿನದು ಬರತ್ತೆ” ಎಂದ.

ಹೋದ ವರ್ಷದ ಕೊನೆಗೆ ಕೀಲುಗಳು ಇನ್ನು ತಾಳಲಾರದ ಹಂತಕ್ಕೆ ಬಂದವು. ನನಗಾಗಿ ಕೆತ್ತುತ್ತಿದ್ದ ಹೊಲಿಗೆ ಯಂತ್ರದ ಭಾಗವೊಂದರಲ್ಲಿ ಕೆತ್ತುವ ಅಲಗು ನಡುವೆ ಜಾರಿ, ತುಂಡು ಹಾಳಾಯಿತು. ಮಾರನೆಯ ದಿನವೂ ಹಾಗೇ. ಮೂರನೆಯ ದಿನ ನಾನು ಅವನ ಮಾತಿಗೆ ಕಾಯದೆ ನನ್ನ ಸಾಮಾನಿನ ಚೀಲ ತಂದು, “ಇವತ್ತು ಆ ಸವತಿಯ ತಲೆ ಬಿಚ್ಚೋಣ” ಎಂದೆ. ಅಡುಗೆಮನೆಯಿಂದ ನಗು ಕೇಳಿಸಿತು. ಅವನು ಮಾತ್ರ ಸುಮ್ಮನೆ ಸಲಾಕೆ ಎತ್ತಿ ಒರಗಿಸಿದ.

ಮೋಟಾರು ಕಳಚಿ, ತಲೆಯ ಮುಚ್ಚಳ ತೆಗೆದು, ಕಪ್ಪಾದ ಗ್ರೀಸನ್ನು ಚಿಂದಿಬಟ್ಟೆಯಲ್ಲಿ ಬಳಿದೆವು. ಒಂದೊಂದೇ ದಂಡವನ್ನು ಮರದ ಸುತ್ತಿಗೆಯಿಂದ ತಟ್ಟಿ ಹೊರತೆಗೆದೆವು. ಮೂರು ಕೀಲುಗಳೂ ಸಿಕ್ಕವು. ಚೌಕವಾಗಿದ್ದವು ಮೆಟ್ಟಿಲಿನಂತಾಗಿದ್ದವು, ಒಂದು ಬದಿ ದುಂಡಾಗಿ ಹೊಳೆಯುತ್ತಿತ್ತು. ಅವನು ಅವನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಅವನ ಕೈ ಮೊದಲೇ ಎರಡು ವರ್ಷದಿಂದ ನಡುಗುತ್ತಿತ್ತು. ಕೀಲುಗಳು ಅಂಗೈಯಲ್ಲಿ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು. ಗಬಕ್ಕನೆ ಮುಷ್ಟಿ ಮುಚ್ಚಿದ.

ನಾನು ಜಂಬದಿಂದ ಚೀಲಕ್ಕೆ ಕೈಹಾಕಿದೆ. ಮನೆಯಲ್ಲೇ ಮೂರು ಕೀಲು ಮಾಡಿ ತಂದಿದ್ದೆ. ಮುರಿದ ಡ್ರಿಲ್ಲುಗಳನ್ನು ಸಾಣೆ ಹಿಡಿದು, ಕನ್ನಡಿಯಂತೆ ಹೊಳಪು ಬರಿಸಿ ಕಾಗದದಲ್ಲಿ ಸುತ್ತಿಟ್ಟಿದ್ದೆ. “ತಗೋ, ಗಟ್ಟಿ ಉಕ್ಕು. ನೀನು ಸತ್ತರೂ, ನಾನು ಸತ್ತರೂ ಇದು ಸವೆಯೋದೂ ಇಲ್ಲ, ಮುರಿಯೋದೂ ಇಲ್ಲ” ಎಂದು ಅವನ ಮುಂದೆ ಬಿಚ್ಚಿದೆ.

ಅವನು ಹಿಂದೆ ಸರಿಯುತ್ತಾ ಹೋಗಿ ಗೋಡೆಗೆ ತಾಗಿ, ಹಾಗೇ ನೆಲಕ್ಕೆ ಕುಸಿದ. ಎದೆಗೆ ಅಡ್ಡ ಕೈ ಹಿಡಿದಿದ್ದ. ನಾನು ನೀರು ತರಲು ಏಳಬೇಕೆನ್ನುವಷ್ಟರಲ್ಲಿ, “ಬಾಗಿಲು ಮುಚ್ಚು” ಎಂದ. ಮುಚ್ಚಿದೆ. ಕಪಾಟಿನ ಕೆಳಗಿನ ಹಲಗೆಯಿಂದ, ಲೋಹ ಉಜ್ಜುವ ಸವೆದ ಅರಗಳ ಹಿಂದಿನಿಂದ ಒಂದು ತಗಡಿನ ಡಬ್ಬಿ ತೆಗೆದ. ಅದರೊಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕೀಲು. ನನ್ನ ಹೆಬ್ಬೆರಳಿನಷ್ಟು ದಪ್ಪ, ನೀಲಿ ಹೊಳಪು, ಒಂದು ಗೀರೂ ಇಲ್ಲ.

“ಇದೂ ಡ್ರಿಲ್ಲಿನದೇ” ಎಂದ. “ನೋಡು, ಒಂದು ಕೂದಲೆಳೆ ಹೆಚ್ಚಿಲ್ಲ, ಒಂದು ಕೂದಲೆಳೆ ಕಮ್ಮಿಯಿಲ್ಲ. ನನ್ನ ಆಯುಸ್ಸಿನಲ್ಲಿ ಇಷ್ಟು ಚೆನ್ನಾಗಿರೋ ಕೀಲು ಇನ್ನೊಂದು ಮಾಡಿಲ್ಲ.”

ಆಮೇಲೆ ನಿಮಗೆ ಆಗಲೇ ಹೇಳಿದ್ದನ್ನೆಲ್ಲ ಅವನು ನನಗೆ ಹೇಳಿದ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಆ ಕೀಲನ್ನೇ ನೋಡುತ್ತಿದ್ದ. ಬಾಗಿಲಿನಾಚೆ ಅವನ ಹೆಂಡತಿ ಪಾತ್ರೆ ಜೋಡಿಸುತ್ತಿದ್ದಳು.

“ದಿನಾ ಬರ್ತಾನೆ ಕಣಯ್ಯ” ಎಂದ ಪಿಸುದನಿಯಲ್ಲಿ. “ಹತ್ತು ಗಂಟೆಗೆ ಸರಿಯಾಗಿ. ನಾನು ಹೊರಗಿದ್ದೀನಿ ಭಾವ, ಶುರು ಮಾಡು ಅಂತಾನೆ. ನಾನು ಶುರು ಮಾಡ್ತೀನಿ. ಇವತ್ತೂ ಅವನು ನನ್ನನ್ನ ನಂಬ್ತಾನೆ, ನೋಡು.”

ಕೀಲು ಸವೆದ ಸದ್ದು ಅದು ಎಂದು ನಾನು ಹೇಳಬಹುದಿತ್ತು. ಅವನಿಗೆ ಅದು ನನಗಿಂತ ಚೆನ್ನಾಗಿ ಗೊತ್ತು. ಬಾಯಿ ಮುಚ್ಚಿಕೊಂಡು ನನ್ನ ಮೂರು ಹೊಳೆಯುವ ಕೀಲುಗಳನ್ನು ಮತ್ತೆ ಕಾಗದದಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡೆ. ಮನೆಗೆ ಬಂದವನೇ ಬಾವಿಗೆ ಎಸೆದೆ.

ಹೊಸ ಕೀಲುಗಳನ್ನು ಅವನೇ ಮಾಡಿದ, ಮೆದು ಕಬ್ಬಿಣದ ಪಟ್ಟಿಯಿಂದ. ಚಕ್ರ ಸಿಡಿದ ಆ ಮಧ್ಯಾಹ್ನದ ಮೇಲೆ ಅವನು ಯಾವ ಯಂತ್ರಕ್ಕೂ ಕೀಲು ಮಾಡಿರಲಿಲ್ಲವಂತೆ, ಕಾರ್ಖಾನೆಯಲ್ಲಿ ಉಳಿದ ವರ್ಷಗಳನ್ನೆಲ್ಲ ಬೇರೆಯವರ ಕೈಯಲ್ಲಿ ಮಾಡಿಸಿಯೇ ಕಳೆದನಂತೆ. ನಡುಗುವ ಕೈಗೆ ಅರ ನಿಲ್ಲುತ್ತಿರಲಿಲ್ಲ. ಕಡೆಗೆ ಎರಡು ಮೊಣಕೈಯನ್ನೂ ಪಕ್ಕೆಗೆ ಒತ್ತಿಕೊಂಡು, ಉಸಿರು ಬಿಡುವಾಗ ಮಾತ್ರ ಅರವನ್ನು ತಳ್ಳುವುದು, ಎಳೆದುಕೊಳ್ಳುವಾಗ ನಿಲ್ಲುವುದು ಎಂದು ರೂಢಿ ಮಾಡಿಕೊಂಡ. ಒಂದು ಉಸಿರಿಗೆ ಒಂದು ಉಜ್ಜು. ಮೊದಲ ದಿನ ಎರಡು ಕೀಲು ಹಾಳಾದವು. ಎರಡನೆಯ ದಿನ ಒಂದು ಸರಿಹೋಯಿತು. ನಾನು ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ, ಕೈ ಹಾಕಲು ಬಿಡಲಿಲ್ಲ. ದೀಪದ ಮಸಿ ಹಚ್ಚಿ ಕಾಲುವೆಗೆ ಕೂರಿಸಿ ತೆಗೆದು, ಮಸಿ ಎಲ್ಲಿ ಅಳಿಸಿದೆಯೋ ಅಲ್ಲಷ್ಟೇ ಉಜ್ಜುತ್ತಿದ್ದ. ಸುತ್ತಿಗೆ ಬೇಡದೆ, ಹೆಬ್ಬೆರಳು ಒತ್ತಿದರೆ ಹೋಗಿ ಕೂರಬೇಕು, ಕೂತ ಮೇಲೆ ಅಲ್ಲಾಡಬಾರದು. ನಾಲ್ಕನೆಯ ದಿನ ಮೂರೂ ಕೂತವು. ಸವೆದ ಹಳೆಯ ಮೂರನ್ನು ಆ ತಗಡಿನ ಡಬ್ಬಿಯಲ್ಲಿಟ್ಟ. ಗಟ್ಟಿ ಕೀಲು ಕೆಲಸದ ಮೇಜಿನ ಮೇಲೆಯೇ ಉಳಿಯಿತು. ಅದನ್ನು ಮುಚ್ಚಿಡುವ ಗೋಜಿಗೆ ಹೋಗಲಿಲ್ಲ. ನಾನು ಅದನ್ನು ಮರೆವು ಎಂದುಕೊಂಡೆ.

ಐದನೆಯ ದಿನ ಬೆಳಗ್ಗೆ ಹತ್ತು ಗಂಟೆ. ಯಂತ್ರ ಕೂಡಿಸಿ, ಹೊಸ ಗ್ರೀಸು ತುಂಬಿ, ಮುಚ್ಚಳ ಹಾಕಿದ್ದೆವು. ಅವನು ಸ್ವಿಚ್ಚಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತ. ಒತ್ತಿದ.

ಸದ್ದಿಲ್ಲ. ಮೂರೂ ಇಲ್ಲ, ಒಂದೂ ಇಲ್ಲ. ಯಂತ್ರ ಹಾಲಿನಂತೆ ತಿರುಗಿತು. ರಿಪೇರಿಯವನಿಗೆ ಅದಕ್ಕಿಂತ ಸುಖದ ಗಳಿಗೆ ಇಲ್ಲ. ನನಗೋ ಕೋಣೆಯಲ್ಲಿದ್ದ ಮೂರನೆಯವನೊಬ್ಬ ಹೇಳದೆ ಕೇಳದೆ ಎದ್ದುಹೋದ ಹಾಗಿತ್ತು. ಕೂದಲೆಳೆ ಎರಡು ಹೆಜ್ಜೆ ಹಿಂದೆ ಸರಿದಿರಲಿಲ್ಲ, ಎದೆಗೆ ಕೈ ಹಿಡಿದಿರಲಿಲ್ಲ. ಕಿವಿಯನ್ನು ಯಂತ್ರದ ಕಡೆಗೆ ಬಾಗಿಸಿ ನಿಂತೇ ಇದ್ದ.

ಆಗ ಬಾಗಿಲಲ್ಲಿ ಅವನ ಹೆಂಡತಿ ಕಾಣಿಸಿಕೊಂಡಳು. ಕೈಯಿಂದ ನೀರು ಸೋರುತ್ತಿತ್ತು.

“ಯಾಕೆ, ಇವತ್ತು ಶುರು ಮಾಡ್ಲಿಲ್ಲವಾ?”

“ಓಡ್ತಾ ಇದೆಯಲ್ಲ” ಎಂದ.

ಅವಳು ತಿರುಗುತ್ತಿದ್ದ ಯಂತ್ರವನ್ನು ನೋಡಿದಳು, ಗೋಡೆಗೆ ಒರಗಿದ್ದ ಸಲಾಕೆಯನ್ನು ನೋಡಿದಳು. “ಮತ್ತೆ ಅವನು ತಟ್ಟಲಿಲ್ಲ?”

ಎರಡು ವರ್ಷ, ಗೋಡೆಯ ಈಚೆ ಇವನು, ಆಚೆ ಅವಳು, ಒಬ್ಬರಿಗೊಬ್ಬರು ಹೇಳದೆ ಹತ್ತು ಗಂಟೆಗೆ ಕಾಯುತ್ತಿದ್ದರು.

“ನನಗೆ ದಿನಾ ಕೇಳ್ತಿತ್ತು” ಎಂದಳು. “ಹತ್ತು ಗಂಟೆಗೆ ಒಲೆ ಸಣ್ಣ ಮಾಡಿ ನಿಂತ್ಕೊತಿದ್ದೆ. ಹುಚ್ಚಿ ಅಂತೀರಿ ಅಂತ ಹೇಳಿರ್ಲಿಲ್ಲ. ಎಲ್ಲಿ ಹೋದ?”

ಅವನು ಯಂತ್ರ ಆರಿಸಿದ. ಮೇಜಿನಿಂದ ಗಟ್ಟಿ ಕೀಲನ್ನು ತೆಗೆದು ಅವಳ ಒದ್ದೆ ಅಂಗೈಯಲ್ಲಿಟ್ಟ. ಮರೆವಲ್ಲ ಎಂದು ನನಗೆ ಆಗ ಗೊತ್ತಾಯಿತು. ನಾನು ಎದ್ದು ಹೊರಡಲು ನೋಡಿದೆ. “ಕೂತ್ಕೊಳ್ಳಿ ಅಣ್ಣಾ” ಎಂದಳು ಅವಳು, ನನ್ನ ಕಡೆ ತಿರುಗದೆ. ಕೂತೆ.

ಅವನು ಹೇಳಿದ. ನನಗೆ ಹೇಳಿದ್ದಕ್ಕಿಂತ ಚಿಕ್ಕದಾಗಿ ಹೇಳಿದ. ಮೇಸ್ತ್ರಿ ಹಂಗಿಸಿದ ಮಾತನ್ನು ಬಿಟ್ಟುಬಿಟ್ಟ, ತನ್ನ ರೋಷದ ಮಾತನ್ನು ಬಿಡಲಿಲ್ಲ. ಅವಳು ಕೀಲನ್ನು ಹೊರಳಿಸಿ ಹೊರಳಿಸಿ ನೋಡುತ್ತಿದ್ದಳು.

“ಅವನು ತಟ್ಟಿದ್ದು ನಿಜಾನಾ?”

“ನಿಜ. ಎರಡು, ಆಮೇಲೆ ಒಂದು. ತೂಕಡಿಸೋನು ಹಾಗೆ ತಟ್ಟೋಕಾಗಲ್ಲ.”

“ಕಂಬಿ ಉಳಿದಿದ್ದು?”

“ಅದೂ ನಿಜ. ಅವನ ಕಣ್ಣಿಗೆ ಬಿದ್ದಿರಲಿಲ್ಲ. ವಾರಕ್ಕೆರಡು ಸಲ ಏನಾದ್ರೂ ಉಳಿದೇ ಇರ್ತಿತ್ತು, ಯಾರ ಕಣ್ಣಿಗೂ ಬೀಳ್ತಿರಲಿಲ್ಲ. ಬೀಳದಿದ್ರೂ ಯಾರಿಗೂ ಏನೂ ಆಗ್ಬಾರದು ಅಂತಲೇ ಕೀಲು ಇರೋದು.”

“ಅಮ್ಮ ಕಡೇದಾಗಿ ಏನಂದ್ಲು, ನೆನಪಿದೆಯಾ?”

ಅವನು ತಲೆ ತಗ್ಗಿಸಿದ.

“ಹೇಳಿ. ನೆನಪಿದೆಯಾ?”

“ನಾನೇ ಅವನನ್ನ ಸರಿಯಾಗಿ ಬೆಳೆಸಲಿಲ್ಲ, ಅಂದ್ರು.”

“ಆವಾಗ ಅವಳ ದಿಂಬು ಸರಿ ಮಾಡ್ತಾ ಇದ್ದೋರು ಯಾರು?”

“ನಾನೇ.”

ಅವಳು ಅಳಲಿಲ್ಲ, ಕೂಗಾಡಲಿಲ್ಲ. ಕೀಲನ್ನು ಅವನ ಜೇಬಿಗೆ ಹಾಕಿದಳು. ಮಗುವಿನ ಜೇಬಿಗೆ ಕರವಸ್ತ್ರ ಇಡುವ ಹಾಗೆ ಒತ್ತಿ ಇಟ್ಟಳು. ನಮ್ಮಿಬ್ಬರನ್ನೂ ಅಡುಗೆಮನೆಗೆ ಕರೆದು, ಹಿಂದಿನ ಕೋಣೆಯ ಬಾಗಿಲು ಎಳೆದು, ಸಲಾಕೆಯನ್ನು ಕೊಕ್ಕೆಗಳ ಮೇಲೆ ಅಡ್ಡ ಇಟ್ಟಳು.

“ನನಗೆ ಹೇಳಿದ್ದು ಸಾಲದು. ಅವನನ್ನ ಆಡಿಕೊಂಡೋರು ಇದ್ದಾರಲ್ಲ, ಅವರ ಮುಂದೆ ಹೇಳಿ. ಅಲ್ಲೀವರೆಗೆ ಈ ಬಾಗಿಲು ನನ್ನ ತಮ್ಮ ಕಾಯ್ತಾನೆ.”

ಕಾರ್ಖಾನೆಯ ಹಳಬರು ಭಾನುವಾರ ಬೆಳಗ್ಗೆ ಬಸ್ ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಸೇರುತ್ತಾರೆ. ಮೇಸ್ತ್ರಿಯೂ ಬರುತ್ತಾನೆ, ಈಗ ಕಿವಿ ಮಂದ, ನಾಲಗೆ ಮಾತ್ರ ಹರಿತ. ಮೊದಲ ಭಾನುವಾರ ಕೂದಲೆಳೆ ನಮ್ಮ ಬೀದಿಯ ತಿರುವಿನವರೆಗೆ ಹೋಗಿ ವಾಪಸು ಬಂದ. ಎರಡನೆಯ ಭಾನುವಾರ ಅಂಗಡಿಯ ಎದುರಿನವರೆಗೆ ಹೋಗಿ ಬಂದ. ಹೆಂಡತಿ ಏನೂ ಕೇಳಲಿಲ್ಲ. ಊಟ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಾತು ಮಾತ್ರ ಅಷ್ಟಕ್ಕಷ್ಟೇ. ಸವತಿಯ ತಮಾಷೆ ನಿಂತುಹೋಯಿತು.

ಅವನ ಸ್ಥಿತಿ ನನಗೆ ನೋಡಲಾಗುತ್ತಿರಲಿಲ್ಲ. ನನ್ನ ಅಂಗಡಿಗೆ ಬಂದು ಕೂತವನು ಹೊಲಿಗೆ ಯಂತ್ರದ ಸೂಜಿ ಬಿದ್ದಾಗಲೆಲ್ಲ ಬೆಚ್ಚುತ್ತಿದ್ದ. ಲೋಟಕ್ಕೆ ಚಮಚ ತಾಗಿದರೆ ತಲೆ ಎತ್ತುತ್ತಿದ್ದ. “ಮೊದಲು ಯಂತ್ರದೊಳಗೆ ಮಾತ್ರ ಇದ್ದ. ದಿನಕ್ಕೊಂದು ಸಲ ಬಂದು ಹೋಗ್ತಿದ್ದ. ಆ ಮನೆ ನಾವು ಬಿಚ್ಚಿಹಾಕಿದ್ವಿ. ಈಗ ಎಲ್ಲ ಕಡೆ ತಟ್ತಾ ಇದ್ದಾನೆ” ಎಂದ. ಬಿಸಿಲು ಬೀದಿಯಲ್ಲಿ ಬೆಳ್ಳಗೆ ಬಿದ್ದಿತ್ತು, ಎದುರಿನ ಚಪ್ಪಲಿ ಹೊಲಿಯುವವನು ಅಟ್ಟೆಗೆ ಮೊಳೆ ಹೊಡೆಯುತ್ತಿದ್ದ. ಎರಡು, ಒಂದು ಬಿಡುವು, ಇನ್ನೊಂದು. ಈ ಸಲ ನನಗೂ ಕೇಳಿಸಿತು. ಎದ್ದು ಕಿಟಕಿ ಮುಚ್ಚಿದೆ.

ಮೂರನೆಯ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಎಡಗೈ ಜೇಬಿನೊಳಗಿತ್ತು, ಕೀಲನ್ನು ಹಿಡಿದುಕೊಂಡಿತ್ತು. ಕಾಲು ಎತ್ತಲೋ ಬೇಡವೋ ಎಂದು ಹೋಗುತ್ತಿದ್ದ. ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ನಾನು ಅಂಗಡಿ ತೆರೆದಂತೆಯೇ ಬಿಟ್ಟು, ತಿರುವಿನಲ್ಲಿ ಅವನನ್ನು ಹಿಡಿದು, ತೋಳಿಗೆ ಕೈ ಕೊಟ್ಟೆ. “ನಡಿ, ನಾನೂ ಬರ್ತೀನಿ. ನಿನಗೆ ಬಾಯಿ ಕಟ್ಟಿದ್ರೆ ನಾನೇ ಹೇಳ್ತೀನಿ. ಮೇಸ್ತ್ರಿ ನಿನ್ನನ್ನ ಹೇಗೆ ಹಂಗಿಸಿದ, ಅದನ್ನೂ ಸೇರಿಸಿ ಹೇಳ್ತೀನಿ” ಎಂದೆ.

ಅವನು ನನ್ನ ಕೈಯನ್ನು ಒಂದೊಂದೇ ಬೆರಳಾಗಿ ತೋಳಿನಿಂದ ಬಿಡಿಸಿದ.

“ಬೇಡ ಕಣಯ್ಯ. ನಿನ್ನ ಕೈಯೂ ಬೇಡ, ನಿನ್ನ ಮಾತೂ ಬೇಡ. ನೀನು ಹೇಳಿದ್ರೆ ನಾಲ್ಕು ಕಡೆ ಅರ ಹಾಕಿ, ನಯ ಮಾಡಿ ಹೇಳ್ತೀಯ. ನಾನು ನಡುಗ್ತೀನಿ, ನಡುಗಲಿ. ಅರ್ಧದಲ್ಲಿ ಮುರಿದು ಬೀಳ್ತೀನೇನೋ, ಬೀಳಲಿ. ಮುರಿದು ಬೀಳೋದೇ ನಮ್ಮ ಮನೆಯವರ ಕೆಲಸ ಆಗಿತ್ತು, ನಾನೊಬ್ಬ ಅದನ್ನ ಇಷ್ಟು ವರ್ಷ ತಪ್ಪಿಸಿಕೊಂಡೆ. ನೀನು ನಿನ್ನ ಅಂಗಡಿಗೆ ಹೋಗು. ಹಿಂದೆ ಬರಬೇಡ.”